ಪೆನಾಂಗ್‌ನಲ್ಲಿ ಮನೆಮಂದಿಯೊಂದಿಗೆ ಹಾಕರ್ ಊಟ: ಮಧ್ಯಾಹ್ನಕ್ಕೆ ಏನು, ಹೇಗೆ?

ಜಯನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ ವೀಸಾ ಇಲ್ಲದೆ ಬರಲು ಅವಕಾಶ ಕೊಟ್ಟ ಮೇಲೆ ನಮ್ಮ ಬಳಗದಲ್ಲಿ ಅನೇಕರು ಹೋಗಿಬಂದರು. ಈಗ ನಮ್ಮ ಸರದಿ. ಅಲ್ಲಿನ ಪೆನಾಂಗ್ ದ್ವೀಪದಲ್ಲಿ ಒಂದು ಮಧ್ಯಾಹ್ನವನ್ನು ಹಾಕರ್ ಊಟಕ್ಕೆಂದೇ, ಅಂದರೆ ಬೀದಿ ಗಾಡಿಗಳ ತಿನಿಸಿಗೆಂದೇ, ಮೀಸಲಿಟ್ಟಿದ್ದೇವೆ. ಗಾಡಿಗಳ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಎಲ್ಲರೂ ಎಲ್ಲವನ್ನೂ ಹಂಚಿಕೊಂಡು ತಿನ್ನಬೇಕೆಂಬ ಆಸೆ ನನ್ನದು.

ಬರುವವರು: ಅತ್ತೆ (ಶುದ್ಧ ಸಸ್ಯಾಹಾರ, ಮೊಟ್ಟೆಯೂ ಇಲ್ಲ), ಮಾವ (ಮೀನು, ಕೋಳಿ ಸೇವಿಸುತ್ತಾರೆ, ದನ ಹಂದಿ ಬೇಡ), ನಾವಿಬ್ಬರು, ಖಾರ ತಿನ್ನದ ಇಬ್ಬರು ಮಕ್ಕಳು. ಇಷ್ಟು ಬಗೆಯ ನಾಲಿಗೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಲು ಸಾಧ್ಯವೇ?

ಜಾರ್ಜ್‌ಟೌನ್ ಕನ್ನಡಿಗ

ಖಂಡಿತ ಸಾಧ್ಯ. ಇಷ್ಟು ಬಗೆಯ ನಾಲಿಗೆಗಳಿದ್ದರೇ ಆ ಮೇಜಿಗೆ ಕಳೆ.

ಮೊದಲು ಅಲ್ಲಿನ ಪದ್ಧತಿ ತಿಳಿದಿರಲಿ. ಮಧ್ಯಾಹ್ನದ ಹೊತ್ತಿಗೆ ನೀವು ಹೋಗಬೇಕಾದ್ದು ಕೋಪಿತಿಯಾಮ್‌ಗೆ, ಅಂದರೆ ಹಳೆಯ ಕಾಫಿ ಅಂಗಡಿಗೆ. ಜಾಗ ಕಾಫಿಯವನದು, ಒಳಗೆ ಮತ್ತು ಮುಂಭಾಗದಲ್ಲಿ ನಿಂತ ಗಾಡಿಗಳು ಬೇರೆ ಬೇರೆಯವರವು, ಅವರು ಆತನಿಗೆ ಬಾಡಿಗೆ ಕೊಡುತ್ತಾರೆ. ಪ್ರತಿಯೊಂದು ಗಾಡಿಯಲ್ಲೂ ಸಿಗುವುದು ಒಂದೇ ತಿನಿಸು, ಹೆಚ್ಚೆಂದರೆ ಎರಡು. ಒಬ್ಬ ನೂಡಲ್ಸ್ ಹುರಿಯುವವನು, ಇನ್ನೊಬ್ಬಳು ಲಕ್ಸಾ ಎಂಬ ಸಾರು ಶ್ಯಾವಿಗೆ ಬಡಿಸುವವಳು, ಮತ್ತೊಬ್ಬ ಪೊಪಿಯಾ ಎಂಬ ತರಕಾರಿ ಸುರುಳಿ ಸುತ್ತುವವನು. ಇಪ್ಪತ್ತು ಮೂವತ್ತು ವರ್ಷ ಅದೊಂದನ್ನೇ ಮಾಡಿದ ಕೈಗಳು ಅವು. ನಮ್ಮ ಹೋಟೆಲುಗಳ ಮಾರುದ್ದದ ಪಟ್ಟಿ ನೋಡಿ ಬೆಳೆದವರಿಗೆ ಇದು ವಿಚಿತ್ರ ಎನ್ನಿಸಬಹುದು. ರುಚಿಯ ಮೂಲ ಅದೇ ಎಂದು ನಾನು ನಂಬಿದ್ದೇನೆ.

ಇಬ್ಬರು ಮೇಜು ಹಿಡಿದು ಕುಳಿತಿರಿ. ಉಳಿದವರು ಗಾಡಿಗಳ ಬಳಿ ಹೋಗಿ ಬೇಕಾದ್ದನ್ನು ಹೇಳಿ, ಮೇಜಿನ ಸಂಖ್ಯೆ ಕೊಟ್ಟು ಬನ್ನಿ. ತಟ್ಟೆ ಮೇಜಿಗೆ ಬಂದಾಗ ಹಣ ಕೊಡಬೇಕು, ಆದ್ದರಿಂದ ಚಿಲ್ಲರೆ ಇಟ್ಟುಕೊಳ್ಳಿ. ಪಾನೀಯದವನು ತಾನೇ ನಿಮ್ಮ ಬಳಿ ಬರುತ್ತಾನೆ. ಅವನಿಂದ ಏನಾದರೂ ಕುಡಿಯಲು ತೆಗೆದುಕೊಳ್ಳುವುದು ಮರ್ಯಾದೆ, ಏಕೆಂದರೆ ಕೂರುವ ಜಾಗ ಅವನದು. ಕೆಲವು ಕಡೆ ಪಾನೀಯ ಬೇಡವೆಂದರೆ ಕುಳಿತದ್ದಕ್ಕೆ ಸಣ್ಣ ಮೊತ್ತ ವಸೂಲಿ ಮಾಡುತ್ತಾರೆ.

ತಲೆಗೊಂದು ತಟ್ಟೆ ತರಿಸಬೇಡಿ. ಒಂದೊಂದು ತಿನಿಸಿನ ಒಂದೊಂದು ಸಣ್ಣ ತಟ್ಟೆ ತರಿಸಿ, ಎಲ್ಲವನ್ನೂ ನಡುವೆ ಇಡಿ. ಖಾಲಿಯಾದದ್ದರಲ್ಲಿ ಇಷ್ಟವಾದದ್ದನ್ನು ಮತ್ತೆ ತರಿಸಿದರಾಯಿತು.

ಕುಂದಾಪುರದ ಕಡಲು

ಮಾವನವರು ಮೀನು ಸೇವಿಸುತ್ತಾರೆ ಎಂದಿರಲ್ಲ, ಅವರಿಗೆ ಅಸಾಮ್ ಲಕ್ಸಾ ತಪ್ಪಿಸಲೇಬೇಡಿ. ಕರಾವಳಿಯವರೋ ಕೊಡಗಿನವರೋ ಆಗಿದ್ದರಂತೂ ಮೊದಲ ಚಮಚಕ್ಕೇ ಗುರುತು ಹತ್ತುತ್ತದೆ. ಅದರ ಸಾರಿಗೆ ಹಾಕುವ ಮೀನು ಕೆಂಬುಂಗ್, ಅಂದರೆ ನಮ್ಮ ಬಂಗುಡೆಯ ಕುಲವೇ. ಹುಣಸೆಹಣ್ಣಿನ ಜೊತೆಗೆ ಹುಳಿಗೆ ಬೀಳುವ ಒಣ ಹೋಳುಗಳು ಗಾರ್ಸಿನಿಯಾ ಜಾತಿಯ ಹಣ್ಣಿನವು. ನಮ್ಮ ಉಪ್ಪಾಗೆ, ಪುನರ್ಪುಳಿ ಎಲ್ಲ ಅದೇ ಜಾತಿ. ಕೊಡಗಿನ ಕಾಚಂಪುಳಿಯೂ ಉಪ್ಪಾಗೆಯ ರಸ ಬತ್ತಿಸಿ ಮಾಡಿದ್ದೇ ತಾನೆ? ಬಂಗುಡೆಗೆ ಈ ಬಗೆಯ ಹುಳಿ ಒಗ್ಗುತ್ತದೆಂದು ಕಡಲಿನ ಎರಡೂ ದಡದವರು ಕಂಡುಕೊಂಡಿದ್ದಾರೆ. ನನಗೆ ಇದು ಬಹಳ ಸಂತೋಷ ಕೊಡುವ ಸಂಗತಿ.

ಬಟ್ಟಲನ್ನು ಸ್ವಲ್ಪ ಹೊತ್ತು ನೋಡಿ. ತಳದಲ್ಲಿ ದಪ್ಪನೆಯ ಬಿಳಿ ಅಕ್ಕಿ ಶ್ಯಾವಿಗೆ. ಅದರ ಮೇಲೆ ಬೆಂದು ಪುಡಿಪುಡಿಯಾದ ಮೀನಿರುವ ಕಂದು ಸಾರು. ಇದರಲ್ಲಿ ತೆಂಗಿನ ಹಾಲು ಇರುವುದಿಲ್ಲ. ಮೇಲುಗಡೆ ಉದ್ದುದ್ದ ಹೆಚ್ಚಿದ ಸೌತೆಕಾಯಿ, ಅನಾನಸು, ಹಸಿ ಈರುಳ್ಳಿ, ಪುದೀನ, ನಸುಗೆಂಪು ಬುಂಗಾ ಕಂತಾನ್ ಮೊಗ್ಗಿನ ಚೂರುಗಳು. ಕೊನೆಗೆ ಒಂದು ಚಮಚ ಕಪ್ಪಗಿನ ಹೇ ಕೋ, ಅಂದರೆ ಕಾಕಂಬಿಯಷ್ಟು ಮಂದವಾದ ಸೀಗಡಿ ಪಾಕ. ಅದನ್ನು ಒಮ್ಮೆಗೇ ಕಲಸಬೇಡಿ. ಮೊದಲು ಸಾರಷ್ಟನ್ನೇ ಸವಿದು, ಆಮೇಲೆ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿಕೊಂಡರೆ ಹುಳಿ, ಖಾರ, ಸಿಹಿ, ಸಮುದ್ರದ ವಾಸನೆ ಒಂದೊಂದಾಗಿ ತಿಳಿಯುತ್ತವೆ.

ಸಮಯವಿದ್ದರೆ ದ್ವೀಪದ ಪಶ್ಚಿಮದ ಬಾಲಿಕ್ ಪುಲಾವ್‌ಗೆ ಹೋಗಿ. ಅಲ್ಲಿ ಹುಳಿ ಲಕ್ಸಾದ ಜೊತೆಗೆ ತೆಂಗಿನ ಹಾಲಿನ ಸಯಾಮಿ ಲಕ್ಸಾವನ್ನೂ ಮಾರುತ್ತಾರೆ. ಎರಡನ್ನೂ ತರಿಸಿ ಮನೆಮಂದಿ ಹಂಚಿಕೊಳ್ಳಿ. ಕುಡಿಯಲು ಜಾಯಿಕಾಯಿ ಪಾನಕ ಕೇಳಿ. ಅದು ಆ ಕಡೆಯ ತೋಟಗಳದೇ ಬೆಳೆ. ನಮ್ಮಲ್ಲಿ ಅಡಿಕೆ ತೋಟದ ನಡುವೆ ಜಾಯಿಕಾಯಿ ಬೆಳೆದು, ಎಷ್ಟೋ ಜನ ಹಣ್ಣಿನ ಹೊರಸಿಪ್ಪೆಯನ್ನು ಮರದ ಬುಡಕ್ಕೇ ಎಸೆಯುತ್ತಾರೆ. ಆ ಸಿಪ್ಪೆಯಿಂದಲೇ ಎಂಥ ತಂಪು ಪಾನಕ ಮಾಡಬಹುದೆಂದು ಅಲ್ಲಿ ನೋಡಿ ಬನ್ನಿ.

ಮಲ್ಲೇಶ್ವರದ ಮಾವ

ಹಿರಿಯರನ್ನು ಈ ಗಾಡಿಗಳ ಮುಂದೆ ಬಿಸಿಲಲ್ಲಿ ಕೂರಿಸುವುದೇಕೆ? ಪೆನಾಂಗ್‌ನ ಮುಖ್ಯ ಪಟ್ಟಣ ಜಾರ್ಜ್‌ಟೌನ್‌ನಲ್ಲೇ ಲಿಟ್ಲ್ ಇಂಡಿಯಾ ಇದೆ. ಬಾಳೆಲೆ ಊಟ, ಪಲ್ಯ, ರಸಂ, ಮಜ್ಜಿಗೆ ಎಲ್ಲ ಸಿಗುತ್ತದೆ. ಅತ್ತೆಯವರಿಗೆ ಅದೇ ನೆಮ್ಮದಿ.

ಸಸ್ಯಾಹಾರಿ ಪಯಣಿಗ

ಮಾವನವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಬೆಂಗಳೂರಿನ ರಸಂ ಬಿಟ್ಟು ಅಷ್ಟು ದೂರ ಹೋದವರಿಗೆ ಮತ್ತೆ ರಸಂ ಬಡಿಸಿ ಕಳಿಸುವುದು ಅನ್ಯಾಯ. ಸಸ್ಯಾಹಾರಿಗಳಿಗೂ ಹಾಕರ್ ಊಟದಲ್ಲಿ ಪಾಲಿದೆ. ನಾನು ಹುಟ್ಟಿನಿಂದ ಸಸ್ಯಾಹಾರಿ, ಆ ಪಾಲನ್ನು ಹುಡುಕಿ ಪಡೆದವನು.

ಚೀನೀ ಬೌದ್ಧರ ಸಸ್ಯಾಹಾರಿ ಗಾಡಿಗಳನ್ನು ಹುಡುಕಿ. ಕಟ್ಟುನಿಟ್ಟಾಗಿ ನಡೆಯುವವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಮಡಿ ಪಾಲಿಸುವ ನಮ್ಮ ಹಿರಿಯರಿಗೆ ಇದಕ್ಕಿಂತ ಅನುಕೂಲ ಬೇರೆಲ್ಲಿ ಸಿಗುತ್ತದೆ? ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಅನೇಕ ಚೀನೀಯರು ಮಾಂಸ ಬಿಡುತ್ತಾರೆ. ಅವತ್ತು ಇಂಥ ಗಾಡಿಗಳಲ್ಲಿ ಜನಜಂಗುಳಿ. ಅವರ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ನವ ಸಾಮ್ರಾಟ ದೇವರುಗಳ ಹಬ್ಬ. ಬಹಳ ವರ್ಷಗಳಲ್ಲಿ ಅದು ನಮ್ಮ ನವರಾತ್ರಿಯ ಹೊತ್ತಿಗೇ ಬೀಳುತ್ತದೆ. ಆಗ ಬೀದಿಗಳಲ್ಲಿ ಹಳದಿ ಬಾವುಟ ಕಟ್ಟಿದ ಸಸ್ಯಾಹಾರಿ ಗಾಡಿಗಳು ಎದ್ದುಬಿಡುತ್ತವೆ. ಪ್ರಯಾಣದ ದಿನ ಬದಲಿಸಲು ಸಾಧ್ಯವಿದ್ದರೆ ಆ ಒಂಬತ್ತು ದಿನಗಳನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಅತ್ತೆಯವರಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಿ: ಗೋಧಿಯ ಅಂಟಿನಿಂದಲೂ ಸೋಯಾದಿಂದಲೂ ಮಾಡಿದ ಪದಾರ್ಥಗಳು ನೋಡಲು ಥೇಟ್ ಮಾಂಸದಂತೆ ಇರುತ್ತವೆ. ಗೊತ್ತಿಲ್ಲದೆ ನೋಡಿದವರು ಗಾಬರಿಯಾಗಿ ತಟ್ಟೆ ದೂಡುತ್ತಾರೆ. ಮೊಟ್ಟೆ ಇದೆಯೇ ಎಂದು ಬೇರೆಯಾಗಿ ಕೇಳಿ, ಕೆಲವು ಗಾಡಿಗಳಲ್ಲಿ ಹಾಕುತ್ತಾರೆ.

ಸಾಮಾನ್ಯ ಗಾಡಿಗಳಲ್ಲಿ ತರಕಾರಿ ಕಂಡೊಡನೆ ನಂಬಬೇಡಿ. ಬೆಲಾಚಾನ್ ಎಂಬ ಸೀಗಡಿ ಮುದ್ದೆ ಸಾಂಬಾಲ್ ಎಂಬ ಮೆಣಸಿನ ಗೊಜ್ಜಿನಲ್ಲಿ ಇದ್ದೇ ಇರುತ್ತದೆ, ಸೊಪ್ಪಿನ ಪಲ್ಯದಲ್ಲೂ ಇರುತ್ತದೆ. ರೊಜಾಕ್ ಎಂಬ ಹಣ್ಣಿನ ಕೋಸಂಬರಿಯ ಕಪ್ಪು ಪಾಕವೂ ಸೀಗಡಿಯದೇ. ಮಲಯ ಭಾಷೆಯಲ್ಲಿ ‘ತಾಕ್ ಮಾಉ’ ಎಂದರೆ ಬೇಡ. ‘ತಾಕ್ ಮಾಉ ದಾಗಿಂಗ್, ಇಕಾನ್, ಉದಾಂಗ್, ಬೆಲಾಚಾನ್, ತೆಲೂರ್’ ಎಂದು ಹೇಳಿದರೆ ಮಾಂಸ, ಮೀನು, ಸೀಗಡಿ, ಸೀಗಡಿ ಮುದ್ದೆ, ಮೊಟ್ಟೆ ಎಲ್ಲವೂ ಬೇಡ ಎಂದಾಯಿತು. ಸೊಸೆಯವರೇ, ನಿಮ್ಮ ಮಾವನವರ ವಿಷಯದಲ್ಲಿ ಇನ್ನೊಂದು: ಪಟ್ಟಿಯಲ್ಲಿ ಬರಿದೇ ‘ದಾಗಿಂಗ್’ ಎಂದಿದ್ದರೆ ಸಾಮಾನ್ಯವಾಗಿ ದನದ ಮಾಂಸ. ಕೋಳಿ ಬೇಕಾದರೆ ‘ಆಯಾಮ್’ ಎನ್ನಿ. ಗುವಾನ್‌ಯಿನ್ ದೇವಿಯ ಭಕ್ತರಾದ ಎಷ್ಟೋ ಚೀನೀಯರೂ ದನದ ಮಾಂಸ ಮುಟ್ಟುವುದಿಲ್ಲ. ಹೀಗಾಗಿ ಬೇಡವೆಂದು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಮಲ್ಲೇಶ್ವರದ ಮಾವ

ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಚೀನೀ ಅಡುಗೆ ಇದೆಯೆಂದು ನನಗೆ ತಿಳಿದಿರಲಿಲ್ಲ. ಬಹಳ ಒಳ್ಳೆಯ ಮಾಹಿತಿ. ಹಾಗಿದ್ದರೆ ನನ್ನದೂ ಒಪ್ಪಿಗೆ ಇದೆ, ನೆರಳಿರುವ ಜಾಗ ನೋಡಿ ಕೂರಿಸಿ ಅಷ್ಟೆ.

ಬೆಂಕಿ ಬಾಣಲೆ

ಚಾರ್ ಕೊಯ್ ತಿಯಾವ್ ಎಂಬ ಹುರಿದ ಅಕ್ಕಿ ನೂಡಲ್ಸ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವೆಂದು ನನಗೆ ಸಂಕಟ. ಪೆನಾಂಗ್‌ನ ಗಾಡಿಗಳಲ್ಲಿ ಕೌಶಲ ಕಣ್ಣಿಗೆ ಕಾಣುವುದು ಅಲ್ಲೇ. ತಟ್ಟೆ ಮೇಜಿಗೆ ಬರಲಿ ಎಂದು ಕಾಯಬೇಡಿ, ಮಕ್ಕಳನ್ನು ಕರೆದುಕೊಂಡು ಗಾಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಿ.

ಒಳ್ಳೆಯ ಕೈ ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು ಹುರಿಯುತ್ತದೆ. ಕಾದ ಕಬ್ಬಿಣದ ಬಾಣಲೆಗೆ ಕೊಬ್ಬು, ಬೆಳ್ಳುಳ್ಳಿ, ಸೀಗಡಿ. ಹಿಂದೆಯೇ ಅಗಲವಾದ ಅಕ್ಕಿ ನೂಡಲ್ಸ್, ಸೋಯಾ ರಸ, ಮೆಣಸಿನ ಮುದ್ದೆ. ಎಲ್ಲವನ್ನೂ ಒಂದು ಬದಿಗೆ ತಳ್ಳಿ, ತೆರವಾದ ಜಾಗದಲ್ಲಿ ಮೊಟ್ಟೆ ಒಡೆದು, ಅದು ಅರೆ ಗಟ್ಟಿಯಾಗುವ ಹೊತ್ತಿಗೆ ನೂಡಲ್ಸನ್ನು ಅದರ ಮೇಲೆ ಮಗುಚುತ್ತಾನೆ. ಮೊಳಕೆ ಕಾಳು, ಕುಚಾಯ್ ಎಂಬ ಚಪ್ಪಟೆ ಸೊಪ್ಪು, ಕೊನೆಗೆ ಕೆರಾಂಗ್ ಚಿಪ್ಪಿನ ಮಾಂಸ. ಕೆಲವೇ ನಿಮಿಷದ ಕೆಲಸ. ಬಾಣಲೆ ಎಷ್ಟು ಕಾದಿರುತ್ತದೆಂದರೆ ನೀರಿನಂಶ ಬಿದ್ದ ಕ್ಷಣವೇ ಹಬೆಯಾಗಿ ಹಾರುತ್ತದೆ, ಎಣ್ಣೆಯ ಹನಿಗಳು ಜ್ವಾಲೆಗೆ ತಗುಲಿ ಭಗ್ಗೆನ್ನುತ್ತವೆ. ಆ ಹೊಗೆಯ ಸುವಾಸನೆ ನೂಡಲ್ಸಿಗೆ ಹತ್ತಿದರೆ ಮಾತ್ರ ಅದು ಚಾರ್ ಕೊಯ್ ತಿಯಾವ್. ನಾಲ್ಕು ತಟ್ಟೆ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ನೂಡಲ್ಸ್ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಸಾಲು ನಿಧಾನಕ್ಕೆ ಸಾಗುವುದು ಈ ಕಾರಣಕ್ಕೆ. ದಯವಿಟ್ಟು ಅವಸರಿಸಬೇಡಿ.

ಎಚ್ಚರಿಕೆಯ ಮಾತು: ಚೀನೀ ಗಾಡಿಗಳಲ್ಲಿ ಆ ಕೊಬ್ಬು ಹಂದಿಯದು, ಜೊತೆಗೆ ಹಂದಿಯ ಸಾಸೇಜೂ ಇರಬಹುದು. ಮಾವನವರಿಗಾಗಿ ಮಲಯ ಮುಸ್ಲಿಮರ ಗಾಡಿಯಿಂದ ತರಿಸಿ, ಅಲ್ಲಿ ಹಂದಿ ಇರುವುದೇ ಇಲ್ಲ. ಕೆರಾಂಗ್ ಅರೆಬೆಂದಿರುವುದರಿಂದ ವಯಸ್ಸಾದವರಿಗೂ ಮಕ್ಕಳಿಗೂ ಬೇಡ. ‘ತಾಕ್ ಮಾಉ ಕೆರಾಂಗ್’ ಎಂದರೆ ಹಾಕುವುದಿಲ್ಲ.

ಕೌಲಾಲಂಪುರದ ಗೆಳತಿ

ಪೆನಾಂಗ್‌ನವರ ಅಭಿಮಾನಕ್ಕೆ ನಮಸ್ಕಾರ. ಆದರೆ ರಾಜಧಾನಿಯ ಹೊಕ್ಕಿಯನ್ ಮೀ ತಿನ್ನದವರು ಮಲೇಷ್ಯಾದ ನೂಡಲ್ಸ್ ಬಗ್ಗೆ ತೀರ್ಪು ಕೊಡಬಾರದು. ಬೆರಳು ಗಾತ್ರದ ಹಳದಿ ನೂಡಲ್ಸು, ದಟ್ಟ ಕಪ್ಪು ಸೋಯಾ ರಸ, ಇದ್ದಿಲ ಬೆಂಕಿ. ಪೆನಾಂಗ್‌ನಲ್ಲಿ ಅದೇ ಹೆಸರು ಹೇಳಿದರೆ ಸೀಗಡಿ ಸಾರಿನ ಕೆಂಪು ನೂಡಲ್ಸ್ ಬರುತ್ತದೆ. ಎರಡೂ ಚೆನ್ನ, ಎರಡಕ್ಕೂ ಸಂಬಂಧವಿಲ್ಲ.

ಜಾರ್ಜ್‌ಟೌನ್ ಕನ್ನಡಿಗ

ಗೆಳತಿಯವರೇ, ಎರಡರಲ್ಲೂ ಹಂದಿ ಇರುತ್ತದೆ, ಈ ಮನೆಮಂದಿಗೆ ಎರಡೂ ಬೇಡ. ನಮ್ಮ ಜಗಳವನ್ನು ಬೇರೆ ಚರ್ಚೆಗೆ ಇಟ್ಟುಕೊಳ್ಳೋಣ. ಮಕ್ಕಳ ವಿಷಯಕ್ಕೆ ಬನ್ನಿ: ಹೈನಾನ್ ಶೈಲಿಯ ಕೋಳಿ ಅನ್ನದಲ್ಲಿ ಖಾರವೇ ಇಲ್ಲ. ಕೋಳಿಯ ಸಾರಿನಲ್ಲಿ ಬೇಯಿಸಿದ ಅನ್ನ, ಹದವಾಗಿ ಬೆಂದ ಕೋಳಿ, ಸೌತೆಕಾಯಿ. ಮೆಣಸಿನ ಚಟ್ನಿ ಬೇರೆ ಬಟ್ಟಲಲ್ಲಿ ಬರುತ್ತದೆ. ಸಾತೆ, ಅಂದರೆ ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟ ಮಾಂಸದ ತುಂಡುಗಳನ್ನೂ ಮಕ್ಕಳು ಇಷ್ಟಪಡುತ್ತಾರೆ, ಅದರ ಕಡಲೆಕಾಯಿ ಗೊಜ್ಜು ಸಿಹಿಯಾಗಿಯೇ ಇರುತ್ತದೆ. ಕಡಲೆಕಾಯಿ ಅಥವಾ ಸೀಗಡಿ ಒಗ್ಗದವರಿದ್ದರೆ ಮಾತ್ರ ಪ್ರತಿಯೊಂದು ಗಾಡಿಯಲ್ಲೂ ಕೇಳಿಯೇ ತರಿಸಿ.

ಬ್ಯಾಡಗಿ ಮೆಣಸಿನಕಾಯಿ

ಹೋಗಿಬಂದ ಮೇಲೆ ಮನೆಯಲ್ಲೂ ಮಾಡಬೇಕೆಂದಿದ್ದರೆ ನಾಸಿ ಲೆಮಾಕ್ ಸುಲಭ. ಅನ್ನ, ಸಾಂಬಾಲ್, ಹುರಿದ ಸಣ್ಣ ಒಣಮೀನು, ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಸೌತೆಕಾಯಿ. ಅಲ್ಲಿ ಬಾಳೆಲೆಯಲ್ಲಿ ಕಟ್ಟಿಕೊಡುತ್ತಾರೆ. ರೊಟಿ ಚನಾಯ್ ಎಂಬ ಪರೋಟ, ತೆ ತಾರಿಕ್ ಎಂಬ ಹಾಲಿನ ಚಹಾದ ಜೊತೆಗೆ ಇದನ್ನೂ ಒಳಗೊಂಡ ಮಲೇಷ್ಯಾದ ಬೆಳಗಿನ ಉಪಾಹಾರ ಸಂಸ್ಕೃತಿಯನ್ನು ಯುನೆಸ್ಕೊ 2024ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಉಪಾಹಾರ ಎಂದರೂ ಜನ ಮಧ್ಯಾಹ್ನ, ರಾತ್ರಿ ಎಲ್ಲ ಹೊತ್ತಿನಲ್ಲೂ ತಿನ್ನುತ್ತಾರೆ.

ನಾನು ಮಾಡುವ ರೀತಿ: ಎರಡು ಲೋಟ ಅಕ್ಕಿ ತೊಳೆದು ನೆನೆಸಿ. ಒಂದು ಲೋಟ ದಪ್ಪ ತೆಂಗಿನ ಹಾಲು, ಎರಡು ಲೋಟ ನೀರು, ಉಪ್ಪು, ಜಜ್ಜಿದ ಶುಂಠಿ, ಗಂಟು ಹಾಕಿದ ಪಾಂಡನ್ ಎಲೆ ಸೇರಿಸಿ ಬೇಯಿಸಿ. ಪಾಂಡನ್ ನಮ್ಮ ಕೇದಗೆಯ ಜಾತಿಯದು, ಬೆಂಗಳೂರಿನ ನರ್ಸರಿಗಳಲ್ಲಿ ಗಿಡ ಸಿಗುತ್ತದೆ, ಕುಂಡದಲ್ಲಿ ಚೆನ್ನಾಗಿ ಬರುತ್ತದೆ.

ಸಾಂಬಾಲ್‌ಗೆ ಬ್ಯಾಡಗಿಯೇ ಸರಿ. ಬಣ್ಣ ಬೇಕು, ಉರಿ ಬೇಡ. ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಸಿ, ಈರುಳ್ಳಿ ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬಿ. ಎಣ್ಣೆ ಧಾರಾಳವಾಗಿರಲಿ, ಉರಿ ಸಣ್ಣದಿರಲಿ. ಮುದ್ದೆಯ ಹಸಿ ವಾಸನೆ ಹೋಗಿ, ಬಣ್ಣ ಗಾಢವಾಗಿ, ಎಣ್ಣೆ ಬೇರ್ಪಟ್ಟು ಮೇಲೆ ತೇಲುವವರೆಗೆ ಕೈಯಾಡಿಸುತ್ತಲೇ ಇರಬೇಕು. ಇಲ್ಲಿ ಆತುರಪಟ್ಟರೆ ಸಾಂಬಾಲ್ ಕಹಿಯಾಗುತ್ತದೆ. ಆಮೇಲೆ ಹುಣಸೆ ರಸ, ಬೆಲ್ಲ, ಉಪ್ಪು. ಸಿಹಿ ಕೊಂಚ ಮುಂದಿರಬೇಕು. ಸಸ್ಯಾಹಾರಿಗಳು ಬೆಲಾಚಾನ್ ಬದಲಿಗೆ ಹುದುಗಿಸಿದ ಸೋಯಾ ಕಾಳಿನ ತಾವ್ಚು ಹಾಕಿ, ಒಣಮೀನಿನ ಬದಲು ಕಡಲೆಕಾಯಿಯನ್ನೇ ಹೆಚ್ಚಿಸಿ.

ಧಾರವಾಡದ ಓದುಗ

ಒಂದು ಬೇರೆ ಪ್ರಶ್ನೆ ಎತ್ತುತ್ತೇನೆ. ಹಾಕರ್ ಆಹಾರದ ಮೂಲ ರುಚಿ ಉಳಿಯಬೇಕೆಂದು ಪೆನಾಂಗ್ ಸರ್ಕಾರ 2016ರಿಂದ ಸ್ಥಳೀಯ ಹಾಕರ್ ತಿನಿಸುಗಳನ್ನು ವಿದೇಶಿ ಕೆಲಸಗಾರರು ಅಡುಗೆ ಮಾಡಬಾರದೆಂದು ನಿಯಮ ತಂದಿತು. ಇದು ನನಗೆ ಸರಿಕಾಣುವುದಿಲ್ಲ. ಇದೇ ಪೆನಾಂಗ್‌ನ ಹೆಮ್ಮೆಯ ನಾಸಿ ಕಂದಾರ್ ತಮಿಳು ಮುಸ್ಲಿಮರು ತಂದದ್ದು. ಹೆಗಲ ಮೇಲಿನ ಅಡ್ಡೆಯ ಎರಡು ತುದಿಗೆ ಅನ್ನದ ಪಾತ್ರೆ, ಸಾರಿನ ಪಾತ್ರೆ ತೂಗುಹಾಕಿ ಬಂದರಿನ ಕೂಲಿಗಳಿಗೆ ಮಾರುತ್ತಿದ್ದರು. ಚೀನೀ ನೂಡಲ್ಸ್ ತಂದವರೂ ಹಡಗು ಹತ್ತಿ ಬಂದವರೇ. ಹೊರಗಿನಿಂದ ಬಂದವರು ಕಟ್ಟಿದ ಅಡುಗೆಗೆ ಈಗ ಹೊರಗಿನವರ ಕೈ ಬೇಡವೆನ್ನುವುದು ಯಾವ ನ್ಯಾಯ?

ಬೆಂಕಿ ಬಾಣಲೆ

ಧಾರವಾಡದವರೇ, ನಾನು ಒಪ್ಪುವುದಿಲ್ಲ. ಮಾಲೀಕ ಗಾಡಿಯನ್ನು ಕೂಲಿಯವನ ಕೈಗೆ ಬಿಟ್ಟು ಮನೆಗೆ ಹೋಗುತ್ತಾನೆ. ಆ ಕೂಲಿಯವನಿಗೆ ಕಲಿಸಿದವರಾರು? ಬಾಣಲೆ ಹಿಡಿಯುವ ಮುಂಚೆ ಅದರ ಪಕ್ಕದಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ಕಲಿಕೆ ತಪ್ಪಿದರೆ ರುಚಿ ತಪ್ಪುತ್ತದೆ.

ಧಾರವಾಡದ ಓದುಗ

ಕಲಿಕೆಯ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ಸತ್ಯ. ಹಾಗಾದರೆ ಕಲಿಕೆಯನ್ನು ಪರೀಕ್ಷಿಸಲಿ, ಪಾಸ್‌ಪೋರ್ಟನ್ನಲ್ಲ. ಹಾಕರ್‌ಗಳ ಮಕ್ಕಳು ಬೆಂಕಿಯ ಮುಂದೆ ನಿಲ್ಲಲು ಒಪ್ಪದೆ ಕಚೇರಿ ಕೆಲಸಕ್ಕೆ ಹೋಗುತ್ತಿದ್ದಾರೆ, ಅವರನ್ನು ದೂರುವಂತಿಲ್ಲ. ಕಲಿಯಲು ಸಿದ್ಧನಿರುವ ಹುಡುಗ ಯಾವ ದೇಶದವನಾದರೂ ಅವನಿಗೆ ಬಾಣಲೆ ಕೊಡದಿದ್ದರೆ ಗಾಡಿಯ ಮುದುಕನ ಜೊತೆಗೆ ತಿನಿಸೂ ಹೋಗುತ್ತದೆ.

ಕುಂದಾಪುರದ ಕಡಲು

ಇಬ್ಬರ ಕಳಕಳಿಯೂ ಒಂದೇ. ನಾವು ಹೋಗುವವರು ಮಾಡಬಹುದಾದದ್ದು ಇಷ್ಟು: ಹವಾನಿಯಂತ್ರಿತ ಮಳಿಗೆಯ ಹೊಳೆಯುವ ಫುಡ್ ಕೋರ್ಟ್ ಬಿಟ್ಟು, ವಯಸ್ಸಾದ ಕೈ ಬಡಿಸುವ ಗಾಡಿಗೆ ಹಣ ಕೊಡುವುದು, ಚೌಕಾಸಿ ಮಾಡದಿರುವುದು.

ಜಯನಗರದ ಸೊಸೆ

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಧನ್ಯವಾದ. ಅತ್ತೆಗೆ ಓದಿ ಹೇಳಿದೆ. ಮಾಂಸದಂತೆ ಕಾಣುವ ಪದಾರ್ಥದ ಮಾತಿಗೆ ಮುಖ ಸಿಂಡರಿಸಿದರು, ಬೆಳ್ಳುಳ್ಳಿ ಇಲ್ಲ ಎಂದೊಡನೆ ಕಿವಿ ನಿಮಿರಿತು. ಮಾವ ಮೂಲತಃ ಹೊನ್ನಾವರದವರು, ಲಕ್ಸಾ ಎಂಬ ಶಬ್ದವನ್ನು ಈಗಲೇ ಬಾಯಿಪಾಠ ಮಾಡಿಕೊಂಡಿದ್ದಾರೆ. ಊಟದ ಕೊನೆಗೆ ಸಿಹಿ ಏನು? ಅತ್ತೆಯೂ ನಾವೂ ಒಂದೇ ಬಟ್ಟಲಿಗೆ ಚಮಚ ಹಾಕುವಂಥದ್ದು ಬೇಕು.

ಸಸ್ಯಾಹಾರಿ ಪಯಣಿಗ

ಚೆಂಡೋಲ್! ಪುಡಿ ಮಾಡಿದ ಮಂಜುಗಡ್ಡೆ, ತೆಂಗಿನ ಹಾಲು, ಪಾಂಡನ್ ರಸದಿಂದ ಹಸಿರಾದ ಅಕ್ಕಿ ಹಿಟ್ಟಿನ ಮೆತ್ತನೆಯ ಎಳೆಗಳು, ಬೆಂದ ಕೆಂಪು ಕಾಳು, ಮೇಲೆ ಕಪ್ಪಗಿನ ಗುಲಾ ಮೆಲಾಕಾ ಬೆಲ್ಲದ ಪಾಕ. ಆ ಬೆಲ್ಲ ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸ ಕಾಯಿಸಿ ಮಾಡಿದ್ದು. ಮೊಟ್ಟೆ, ಮೀನು ಯಾವುದೂ ಇಲ್ಲ. ಪೆನಾಂಗ್ ರಸ್ತೆಗೆ ತಾಗಿದ ಕೆಂಗ್ ಕ್ವೀ ಓಣಿ ಇದಕ್ಕೆ ಹೆಸರುವಾಸಿ, ನಿಂತುಕೊಂಡೇ ತಿನ್ನುವವರ ಗುಂಪು ದೂರದಿಂದಲೇ ಕಾಣುತ್ತದೆ. ಅತ್ತೆಯವರಿಗೆ ಕೂರಲು ಜಾಗ ಬೇಕಿದ್ದರೆ ‘ಬುಂಗ್ಕುಸ್’ ಎನ್ನಿ, ಕಟ್ಟಿಕೊಡುತ್ತಾರೆ; ಮಂಜು ಕರಗುವ ಮುಂಚೆ ತಿನ್ನಿ.

ಜಾರ್ಜ್‌ಟೌನ್ ಕನ್ನಡಿಗ

ಸೊಸೆಯವರೇ, ಹೊರಡುವ ಮುಂಚೆ ಇನ್ನಷ್ಟು ಗಮನದಲ್ಲಿರಲಿ. ಹನ್ನೊಂದೂವರೆಗೇ ಹೋಗಿ. ಬೆಳಗಿನ ಗಾಡಿಗಳು ಇನ್ನೂ ಇರುತ್ತವೆ, ಮಧ್ಯಾಹ್ನದವು ಬಂದಿರುತ್ತವೆ; ಒಂದು ಗಂಟೆಯ ಮೇಲೆ ಒಳ್ಳೆಯದೆಲ್ಲ ಖಾಲಿ. ಗರ್ನಿ ಡ್ರೈವ್, ನ್ಯೂ ಲೇನ್ ಎಂದು ಎಲ್ಲರೂ ಹೇಳುತ್ತಾರೆ, ಅವು ಮೈದುಂಬುವುದು ಸಂಜೆಗೆ. ಮಧ್ಯಾಹ್ನ ಹೋಗಿ ನಿರಾಶರಾಗಬೇಡಿ. ಗಾಡಿಗಳಿಗೆ ವಾರದ ರಜೆ ತಲೆಗೊಂದು ದಿನ, ಹಾಗಾಗಿ ಒಂದೇ ಗಾಡಿಯನ್ನು ನಂಬಿ ಊರು ದಾಟಬೇಡಿ. ಚೀನೀ ಹೊಸ ವರ್ಷದ ದಿನಗಳಲ್ಲಿ ಬಹುತೇಕರು ಬಾಗಿಲು ಹಾಕುತ್ತಾರೆ. ರಂಜಾನ್ ತಿಂಗಳಲ್ಲಿ ಮಲಯ ಗಾಡಿಗಳು ಹಗಲು ಇರುವುದಿಲ್ಲ, ಮಧ್ಯಾಹ್ನದ ಮೇಲೆ ರಂಜಾನ್ ಸಂತೆಗಳು ತೆರೆಯುತ್ತವೆ. ಶುಕ್ರವಾರ ಪ್ರಾರ್ಥನೆಯ ಹೊತ್ತಿಗೂ ಮುಸ್ಲಿಮರ ಅಂಗಡಿಗಳು ಮುಚ್ಚಿರಬಹುದು.

ಪಾನೀಯಗಳಲ್ಲಿ ಸಕ್ಕರೆ ವಿಪರೀತ. ಮಾವನವರಿಗೆ ಸಕ್ಕರೆ ಕಾಯಿಲೆ ಇದ್ದರೆ ‘ಕೋಪಿ ಓ ಕೊಸೊಂಗ್’, ಅಂದರೆ ಹಾಲು ಸಕ್ಕರೆ ಎರಡೂ ಇಲ್ಲದ ಕಾಫಿ. ಕಡಿಮೆ ಸಿಹಿ ಸಾಕಾದರೆ ‘ಕುರಾಂಗ್ ಮಾನಿಸ್’. ತಿನ್ನುವ ಜಾಗಗಳಲ್ಲಿ ಧೂಮಪಾನ 2019ರಿಂದ ನಿಷೇಧವಿರುವುದರಿಂದ ಮಕ್ಕಳೊಂದಿಗೆ ಕೂರಲು ತೊಂದರೆಯಿಲ್ಲ. ಕೈಯೊರೆಸುವ ಕಾಗದ ನೀವೇ ಒಯ್ಯಿರಿ.

ಜಯನಗರದ ಸೊಸೆ

ಬರೆದುಕೊಂಡೆ. ಬಾಲಿಕ್ ಪುಲಾವ್‌ಗೆ ಇನ್ನೊಂದು ಮಧ್ಯಾಹ್ನ ಎತ್ತಿಡಲೇಬೇಕೆಂದು ಮಾವ ಹಟ ಹಿಡಿದಿದ್ದಾರೆ. ಜಾರ್ಜ್‌ಟೌನ್‌ನಿಂದ ಅಲ್ಲಿಗೆ ಬಸ್ ಇದೆಯೇ?

ಜಾರ್ಜ್‌ಟೌನ್ ಕನ್ನಡಿಗ

ಇದೆ, ರ‍್ಯಾಪಿಡ್ ಪೆನಾಂಗ್ ಬಸ್ಸುಗಳು ಹೋಗುತ್ತವೆ. ದಾರಿ ಸುತ್ತುಬಳಸು, ಹೊತ್ತು ಹಿಡಿಯುತ್ತದೆ. ಅತ್ತೆ ಮಾವ ಇದ್ದಾರೆ, ಟ್ಯಾಕ್ಸಿ ಮಾಡಿಕೊಳ್ಳಿ.